ಊರೊಳಗಿಂದ ತೊರವಿ ಕಡೆ ಮನೆ ಬದಲಿಸಿದ ಮೇಲೆ ಗಾಡಿ ಓಡಿಸುವುದು ಹೇಗೆ

ವಿಜಯಪುರದ ಗಾಂಧಿ ಚೌಕದ ಸುತ್ತಮುತ್ತ ವರ್ಷಗಟ್ಟಲೆ ಗಾಡಿ ಓಡಿಸಿದವರಿಗೆ ಊರ ಹೊರಗೆ ಮನೆ ಮಾಡಿದ ಮೊದಲ ವಾರ ಬಹಳ ಖುಷಿ. ಟಂಟಂ ಇಲ್ಲ, ಟಾಂಗಾ ಇಲ್ಲ, ಅಡ್ಡ ಬರುವ ಕೈಗಾಡಿ ಇಲ್ಲ. ರಸ್ತೆ ಖಾಲಿ. ನಾವು ಅಥಣಿ ರಸ್ತೆಯಲ್ಲಿ ತೊರವಿ ಹತ್ತಿರ ಮನೆ ಕಟ್ಟಿಕೊಂಡು ಬಂದಾಗ ನನಗೂ ಹಾಗೇ ಅನಿಸಿತ್ತು. ಊರಿಂದ ಐದಾರು ಕಿಲೋಮೀಟರ್ ಅಷ್ಟೇ, ಆದರೆ ಓಡಿಸುವ ರೀತಿ ಪೂರ್ತಿ ಬೇರೆ. ಊರೊಳಗೆ ಅಪಾಯ ಹತ್ತಿರ ಇರುತ್ತದೆ, ಆದರೆ ನಿಧಾನ. ತಾಗಿದರೆ ಬಂಪರ್ ಹೋಗುತ್ತದೆ, ನಾಲ್ಕು ಮಾತು ಆಗುತ್ತದೆ. ಇಲ್ಲಿ ಅದು ದೂರ ಇರುತ್ತದೆ, ಕಣ್ಣಿಗೆ ಬೀಳುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕೇ ಮೊದಲು ಬಿಡಬೇಕಾದ ಅಭ್ಯಾಸ ಒಂದೇ: ರಸ್ತೆ ಖಾಲಿ ಇದೆ ಅಂತ ಸ್ಪೀಡ್ ಏರಿಸುವುದು. ಎಷ್ಟು ದೂರ ಕಾಣುತ್ತದೋ ಅಷ್ಟರೊಳಗೆ ಗಾಡಿ ನಿಲ್ಲಬೇಕು.

ರಾತ್ರಿ ಇದರ ಲೆಕ್ಕ ಸರಿಯಾಗಿ ಗೊತ್ತಾಗುತ್ತದೆ. ಡಿಮ್ ಲೈಟಿನಲ್ಲಿ ಸುಮಾರು 40-50 ಮೀಟರ್ ಕಾಣುತ್ತದೆ. ಗಂಟೆಗೆ 80ರಲ್ಲಿ ಹೋದರೆ ಒಂದು ಸೆಕೆಂಡಿಗೆ 22 ಮೀಟರ್ ಹೋಗಿರುತ್ತೀರಿ. ಕಣ್ಣು ನೋಡಿ, ಕಾಲು ಬ್ರೇಕ್ ಮೇಲೆ ಬರುವಷ್ಟರಲ್ಲೇ 30 ಮೀಟರ್ ಮುಗಿದಿರುತ್ತದೆ, ಆಮೇಲೆ ಗಾಡಿ ನಿಲ್ಲಲು ಇನ್ನೂ ಅಷ್ಟೇ ಬೇಕು. ಅಂದರೆ ಬೆಳಕು ಮುಗಿದ ಮೇಲೆ ನಿಲ್ಲುತ್ತದೆ. 50ರಲ್ಲಿ ಇದ್ದರೆ 35-40 ಮೀಟರಿನೊಳಗೆ ನಿಲ್ಲುತ್ತದೆ. ಹಾಗಾಗಿ ಬೀದಿ ದೀಪ ಮುಗಿದ ಕೂಡಲೇ ನಾನು 50 ದಾಟುವುದಿಲ್ಲ. ಹಿಂದಿನವನು ಎಷ್ಟು ಹಾರ್ನ್ ಹೊಡೆದರೂ ಸೈಡ್ ಕೊಟ್ಟು ಸುಮ್ನೆ ಹೋಗುತ್ತೇನೆ. ಎದುರಿಗೆ ಗಾಡಿ ಬಂದರೆ ಡಿಪ್ಪರ್ ಹೊಡೆಯಿರಿ. ಅವರು ಫುಲ್ ಲೈಟ್ ಇಳಿಸದಿದ್ದರೆ ಹಟಕ್ಕೆ ನೀವೂ ಏರಿಸಬೇಡಿ. ಕಣ್ಣನ್ನು ರಸ್ತೆಯ ಎಡ ಅಂಚಿನ ಬಿಳಿ ಗೆರೆ ಮೇಲೆ ಇಟ್ಟು ನಿಧಾನ ಮಾಡಿ.

ಇಷ್ಟು ಒತ್ತಿ ಹೇಳಲು ಕಾರಣ ಕಬ್ಬಿನ ಟ್ರ್ಯಾಕ್ಟರ್. ನವೆಂಬರಿನಿಂದ ಮಾರ್ಚ್ ತನಕ ಫ್ಯಾಕ್ಟರಿ ನಡೆಯುತ್ತವೆ, ಎರಡು ಡಬ್ಬಿ (ಟ್ರೇಲರ್) ಜೋಡಿಸಿಕೊಂಡ ಟ್ರ್ಯಾಕ್ಟರ್‌ಗಳು ರಾತ್ರಿಯಿಡೀ ಓಡಾಡುತ್ತವೆ. ಹಿಂದಿನ ಡಬ್ಬಿಗೆ ಎಷ್ಟೋ ಸಲ ಕೆಂಪು ದೀಪ ಇರುವುದಿಲ್ಲ, ಇದ್ದರೂ ಜೋತುಬಿದ್ದ ಕಬ್ಬಿನ ಗರಿ ಅದನ್ನು ಮುಚ್ಚಿರುತ್ತದೆ. ಒಂದು ರಾತ್ರಿ ನನ್ನ ಲೈಟಿನಲ್ಲಿ ಮೊದಲು ಕಂಡದ್ದು ಗಾಡಿ ಅಲ್ಲ, ಗಾಳಿಗೆ ಆಡುತ್ತಿದ್ದ ಹಸಿರು ಗರಿ. ಹೊಲದ ಬದುವಿನ ಗಿಡ ಅಂದುಕೊಂಡೆ. ಅದು ರಸ್ತೆಯ ನಡುವೆ ಇದೆ ಅಂತ ತಿಳಿಯುವಷ್ಟರಲ್ಲಿ ಬ್ರೇಕ್ ಮೇಲೆ ನಿಂತಿದ್ದೆ. ಡಬ್ಬಿಗೂ ನನ್ನ ಬಾನೆಟ್ಟಿಗೂ ಒಂದು ಮೊಳ ಉಳಿದಿತ್ತು. ಹಿಂದಿನ ಸೀಟಿನಲ್ಲಿ ಮಗಳು ಮಲಗಿದ್ದಳು. ಟ್ರ್ಯಾಕ್ಟರಿನವನಿಗೆ ಏನೂ ಗೊತ್ತಾಗಲಿಲ್ಲ, ಹಾಡು ಹಾಕಿಕೊಂಡು ಮುಂದೆ ಹೋದ.

ಅವರು ಹಾರ್ನ್ ಕೇಳಿಸಿಕೊಳ್ಳುವುದಿಲ್ಲ ಅಂತಲೇ ಲೆಕ್ಕ ಹಾಕಿ ಓವರ್‌ಟೇಕ್ ಮಾಡಬೇಕು. ಊರಲ್ಲಿ ಆಟೋ ದಾಟಿದ ಹಾಗೆ ಇದನ್ನು ದಾಟಲು ಆಗುವುದಿಲ್ಲ. ಟ್ರ್ಯಾಕ್ಟರ್ 25ರಲ್ಲಿ ಹೋಗುತ್ತಿದ್ದು ನೀವು 55ರಲ್ಲಿ ದಾಟಿದರೆ, ಎರಡು ಡಬ್ಬಿಯ ಉದ್ದ, ಹಿಂದೆ ಮುಂದೆ ಬಿಡಬೇಕಾದ ಜಾಗ ಎಲ್ಲ ಸೇರಿ ಆರು ಸೆಕೆಂಡ್ ಆದರೂ ಬೇಕು, ಅಷ್ಟರಲ್ಲಿ ಎದುರಿನಿಂದ 80ರಲ್ಲಿ ಬರುವ ಬಸ್ಸಿಗೂ ನಿಮಗೂ ನಡುವಿನ ಅಂತರ ಹತ್ತಿರ ಹತ್ತಿರ ಕಾಲು ಕಿಲೋಮೀಟರ್ ಕಮ್ಮಿ ಆಗಿರುತ್ತದೆ. ಎದುರಿಗೆ ಅಷ್ಟು ರಸ್ತೆ ಖಾಲಿ ಕಾಣುತ್ತಿಲ್ಲ ಅಂದರೆ ಹಿಂದೆಯೇ ಇರಿ. ಅಂಟಿಕೊಂಡು ಬೇಡ, ಬಿಟ್ಟು ಇರಿ, ಆಗ ಮುಂದಿನದು ಚೆನ್ನಾಗಿ ಕಾಣುತ್ತದೆ. ಒಂದು ಟ್ರ್ಯಾಕ್ಟರ್ ಮುಂದೆ ಇನ್ನೊಂದು ಇರುವುದೂ ಜಾಸ್ತಿ.

ಊರೊಳಗಿನವರಿಗೆ ಗೊತ್ತೇ ಇರದ ಇನ್ನೊಂದು ವಿಷಯ, ರಸ್ತೆ ಮೇಲಿನ ರಾಶಿ. ಸುಗ್ಗಿಯಲ್ಲಿ ಸಜ್ಜೆ, ಸೂರ್ಯಕಾಂತಿ, ಕಡಲೆ, ಹುರುಳಿ ಏನು ಬೇಕಾದರೂ ಡಾಂಬರ್ ಮೇಲೆ ಹರವಿರುತ್ತಾರೆ, ಗಾಡಿ ಓಡಾಡಿ ಕಾಳು ಉದುರಲಿ ಅಂತ. ಕೂಲಿ ಸಿಗುವುದಿಲ್ಲ, ಕಣ ಮಾಡುವವರು ಕಮ್ಮಿ, ರೈತರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಅದರ ಮೇಲೆ ಬೈಕ್ ಬ್ರೇಕ್ ಹಿಡಿದರೆ ಜಾರುವುದು ಗ್ಯಾರಂಟಿ. ಕಾರಿಗೆ ಬೇರೆ ಅಪಾಯ. ಹುರುಳಿಯಂಥ ಒಣಗಿದ ಬಳ್ಳಿ ಗಾಡಿ ಕೆಳಗೆ ತಿರುಗುವ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ, ಸೈಲೆನ್ಸರ್ ಬಿಸಿಗೆ ಹೊಗೆ ಬರುತ್ತದೆ, ಕರ್ನಾಟಕದಲ್ಲಿ ಹೀಗೆ ಸುಟ್ಟುಹೋದ ಕಾರುಗಳಿವೆ. ಬದಿಯಲ್ಲಿ ದಾರಿ ಇದ್ದರೆ ಬದಿಗೆ ಹೋಗಿ. ಇಲ್ಲದಿದ್ದರೆ ನಿಧಾನಕ್ಕೆ ದಾಟಿ, ಸ್ವಲ್ಪ ಮುಂದೆ ನಿಲ್ಲಿಸಿ, ಬಗ್ಗಿ ಕೆಳಗೆ ನೋಡಿ. ಹುಲ್ಲು ಸುಟ್ಟ ವಾಸನೆ ಬಂದರೆ ಎಲ್ಲರನ್ನೂ ಇಳಿಸಿ ದೂರ ಕಳಿಸಿ, ಆಮೇಲೆ ಉಳಿದದ್ದು.

ಬಿಸಿಲಿನದು ನಾನು ಮನೆ ಕಟ್ಟುವಾಗ ಯೋಚಿಸದೇ ಇದ್ದದ್ದು. ತೊರವಿ ಊರಿಗೆ ಪಶ್ಚಿಮಕ್ಕಿದೆ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಸೂರ್ಯ ಎದುರಿಗೆ, ಸಂಜೆ ಮನೆಗೆ ಬರುವಾಗಲೂ ಎದುರಿಗೆ. ಗಾಜಿನ ಒಳಮೈ ವಾರಕ್ಕೊಮ್ಮೆ ಒರೆಸಿ, ಒಳಗಿನ ಧೂಳೇ ಜಾಸ್ತಿ ಕುರುಡು ಮಾಡುತ್ತದೆ. ಸಾಧ್ಯವಾದರೆ ಇಪ್ಪತ್ತು ನಿಮಿಷ ಹಿಂದೆ ಮುಂದೆ ಹೊರಡಿ. ಇದೇ ಸಂಜೆ ಹೊತ್ತಿಗೆ ದನ, ಕುರಿ ಮನೆಗೆ ಬರುತ್ತವೆ, ಮಹಿಳಾ ವಿಶ್ವವಿದ್ಯಾಲಯದ ಹುಡುಗಿಯರು ಬಸ್ಸಿಗೆ ರಸ್ತೆ ದಾಟುತ್ತಿರುತ್ತಾರೆ. ಕುರಿ ಹಿಂಡು ಬಂದರೆ ಪೂರ್ತಿ ನಿಲ್ಲಿಸಿ, ಹಾರ್ನ್ ಬೇಡ, ಹೆದರಿ ಗಾಡಿ ಕೆಳಗೇ ನುಗ್ಗುತ್ತವೆ. ಎಮ್ಮೆ ದಾಟಿತು ಅಂತ ಹೊರಡಬೇಡಿ, ಹಿಂದೆ ಕರು ಇರುತ್ತದೆ. ರಜೆ ದಿನ ನರಸಿಂಹ ದೇವರ ಗುಡಿಗೂ ಸಂಗೀತ ಮಹಲ್‌ಗೂ ಬರುವ ಹೊಸಬರು ದಾರಿ ಹುಡುಕುತ್ತ ಒಮ್ಮೆಲೆ ತಿರುಗುತ್ತಾರೆ. (ಎರಡನೇ ಇಬ್ರಾಹಿಂ ಆದಿಲ್ ಶಾಹನೂ 1599ರಲ್ಲಿ ಇಲ್ಲೇ ನವರಸಪುರ ಅಂತ ಹೊಸ ಪಟ್ಟಣ ಕಟ್ಟಿಸಲು ಶುರು ಮಾಡಿದ್ದ. ಊರು ಬಿಟ್ಟು ಈ ಕಡೆ ಬರುವ ಆಸೆ ಹಳೆಯದೇ ಅಲ್ವಾ.)

ಮಳೆ ಬಂದಾಗ ಡಾಂಬರ್ ಬಿಟ್ಟು ಕೆಳಗೆ ಇಳಿಯಬೇಡಿ. ನಮ್ಮದು ಎರಿ ಮಣ್ಣು. ಚಕ್ರಕ್ಕೆ ಮೆತ್ತಿಕೊಂಡರೆ ಎತ್ತು ಕಟ್ಟಿ ಎಳೆಯಬೇಕು. ಹೊಲದಿಂದ ಬಂದ ಟ್ರ್ಯಾಕ್ಟರ್ ಡಾಂಬರ್ ಮೇಲೆ ಬಿಟ್ಟುಹೋದ ಮಣ್ಣು ಮೊದಲ ಮಳೆಗೆ ಸೋಪಿನ ಹಾಗೆ ಆಗುತ್ತದೆ, ಬೈಕಿನವರು ಅಲ್ಲಿ ಮುಂದಿನ ಬ್ರೇಕ್ ಮುಟ್ಟಲೇಬಾರದು. ಬೇಸಿಗೆಯಲ್ಲಿ ಈ ಮಣ್ಣು ಬಿರಿದು, ಮಳೆಗೆ ಉಬ್ಬಿ, ಮೇಲಿನ ರಸ್ತೆಯೂ ಅಲೆಅಲೆಯಾಗುತ್ತದೆ.

ದಿನಕ್ಕೆ ಹೋಗಿ ಬಂದು ಹನ್ನೆರಡು ಕಿಲೋಮೀಟರ್ ಅಂದರೂ ತಿಂಗಳಿಗೆ 300 ದಾಟುತ್ತದೆ, ಸರ್ವಿಸ್ ಬೇಗ ಬರುತ್ತದೆ. ಸ್ಟೆಪ್ನಿಯಲ್ಲಿ ಗಾಳಿ ಇದೆಯಾ ನೋಡಿ. ಟಾರ್ಚ್, ನೀರು ಗಾಡಿಯಲ್ಲಿ ಇರಲಿ. ಯಾರಾದರೂ ಬಿದ್ದದ್ದು ಕಂಡರೆ 108ಕ್ಕೆ ಫೋನ್ ಮಾಡಿ. ಸಹಾಯ ಮಾಡಿದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂನಲ್ಲಿ ರಕ್ಷಣೆ ಇದೆ, ನಿಮ್ಮ ಹೆಸರು ಹೇಳುವಂತೆಯೂ ಒತ್ತಾಯ ಮಾಡುವಂತಿಲ್ಲ.

ಕೊನೆಗೆ ನಿಮ್ಮ ಮನೆ ತಿರುವು. ದೊಡ್ಡ ರಸ್ತೆಯಿಂದ ಲೇಔಟಿಗೆ ಬಲಕ್ಕೆ ತಿರುಗುವವರನ್ನು ಹಿಂದಿನಿಂದ ಬಂದ ಗಾಡಿ ಹೊಡೆಯುವ ಸಾಧ್ಯತೆ ಬಹಳ. ನೂರು ಮೀಟರ್ ಮೊದಲೇ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಹಿಂದಿನವನು ನಿಧಾನ ಮಾಡುತ್ತಿಲ್ಲ ಅನಿಸಿದರೆ ತಿರುವು ಬಿಟ್ಟು ಮುಂದೆ ಹೋಗಿ ಮರಳಿ ಬನ್ನಿ. ನಮ್ಮ ತಿರುವು ಕತ್ತಲಲ್ಲಿ ನಮಗೇ ಸಿಗುತ್ತಿರಲಿಲ್ಲ. ಓಣಿಯವರು ಸೇರಿ ಮೂಲೆಯ ದೊಡ್ಡ ಕಲ್ಲಿಗೆ ಸುಣ್ಣ ಬಳಿದು, ಮೇಲೆ ಕೆಂಪು ರಿಫ್ಲೆಕ್ಟರ್ ಅಂಟಿಸಿದೆವು. ಮಳೆಗಾಲ ಮುಗಿದ ಮೇಲೆ ದೀಪಾವಳಿಗೆ ಮನೆಗೆ ಸುಣ್ಣ ಹಚ್ಚುವಾಗ ಆ ಕಲ್ಲಿಗೂ ಒಂದು ಕೈ ಹಚ್ಚುತ್ತೇವೆ.