ಇಂಜಿನಿಯರಿಂಗ್ ಓದ್ತಾ ಕ್ಲಬ್ ಸೇರ್ಬೇಕಾ? ಮೊದ್ಲು ಅವರ ಶೆಡ್ ನೋಡ್ಕೊಂಡ್ ಬನ್ನಿ

ಫಸ್ಟ್ ಇಯರಲ್ಲಿ ಎಲ್ಲಾ ಕ್ಲಬ್‌ನೋರೂ ಮೇಜು ಹಾಕ್ಕೊಂಡು ಕೂತು ಕರೀತಾರಲ್ಲ, ಆವತ್ತು ನಾನು ಏಳು ಕ್ಲಬ್‌ಗೆ ಹೆಸ್ರು ಬರೆಸಿದ್ದೆ. ರೊಬೊಟಿಕ್ಸ್, ಕೋಡಿಂಗ್, ರೇಸ್ ಕಾರ್, ರಾಕೆಟ್, ಡಿಬೇಟ್, ಫೋಟೋಗ್ರಫಿ, ಏಳನೇದು ಯಾವ್ದು ಅಂತ ಈಗ ನೆನಪೂ ಇಲ್ಲ. ಎರಡು ತಿಂಗಳಾದ್ಮೇಲೆ ನೋಡಿದ್ರೆ ಏಳು ವಾಟ್ಸಾಪ್ ಗ್ರೂಪಲ್ಲಿ ಇದ್ದೀನಿ, ಒಂದೇ ಒಂದು ಸ್ಕ್ರೂ ತಿರುಗಿಸಿಲ್ಲ. ಆಮೇಲೆ ಆರು ಬಿಟ್ಟು ರೇಸ್ ಕಾರ್ ಒಂದನ್ನೇ ಹಿಡ್ಕೊಂಡೆ, ಮೂರು ವರ್ಷ ಅದರಲ್ಲೇ ಬಿದ್ದಿದ್ದೆ, ಕೊನೆಗೆ ಅದನ್ನ ನಡೆಸೋ ತಲೆನೋವೂ ನನ್ನ ಮೇಲೇ ಬಂತು. ಈಗ ಜೂನಿಯರ್‌ಗಳು ಬಂದು ಕೇಳ್ತಾನೇ ಇರ್ತಾರೆ, ಅದಕ್ಕೆ ಒಂದೇ ಕಡೆ ಬರೆದಿಟ್ಬಿಡೋಣ ಅನ್ನಿಸ್ತು.

ಮೊದ್ಲು ಒಂದು ವಿಷ್ಯ ಕ್ಲಿಯರ್ ಮಾಡ್ಕೊಳ್ಳಿ. ಕ್ಲಬ್ ಅಂತ ಬೋರ್ಡ್ ಹಾಕಿರೋದೆಲ್ಲಾ ಒಂದೇ ಥರದ್ದಲ್ಲ.

ಒಂದು, ವೃತ್ತಿಪರ ಸಂಸ್ಥೆಗಳ ಸ್ಟೂಡೆಂಟ್ ಚಾಪ್ಟರ್‌ಗಳು, ಅಂದ್ರೆ ಕಾಲೇಜಲ್ಲಿರೋ ಅವರ ಶಾಖೆಗಳು. ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್‌ನೋರಿಗೆ ಐಟ್ರಿಪಲ್‌ಇ, ಮೆಕ್ಯಾನಿಕಲ್‌ನೋರಿಗೆ ಎಎಸ್‌ಎಂಇ, ಕಂಪ್ಯೂಟರ್‌ನೋರಿಗೆ ಎಸಿಎಂ, ಹೀಗೆ. ಇವೆಲ್ಲಾ ನಮ್ಮ ತಾತಂದಿರ ಕಾಲದ ಸಂಸ್ಥೆಗಳು, ಎಎಸ್‌ಎಂಇ ಶುರುವಾಗಿದ್ದು 1880ರಲ್ಲಿ, ಎಸಿಎಂ 1947ರಲ್ಲಿ, ಐಟ್ರಿಪಲ್‌ಇ 1963ರಲ್ಲಿ ಎರಡು ಹಳೇ ಸಂಸ್ಥೆ ಒಂದಾಗಿ ಹುಟ್ಟಿದ್ದು. ಇಲ್ಲಿ ಸಿಗೋದು ಏನಪ್ಪಾ ಅಂದ್ರೆ ಕೆಲ್ಸ ಮಾಡ್ತಿರೋ ಇಂಜಿನಿಯರ್‌ಗಳ ಪರಿಚಯ, ಮ್ಯಾಗಜಿನ್, ಪೇಪರ್ ಕಾಂಪಿಟಿಷನ್, ಕಾನ್ಫರೆನ್ಸ್‌ಗೆ ಕಡಿಮೆ ಫೀ. ಆದ್ರೆ ಮೆಂಬರ್‌ಶಿಪ್ ಕಾರ್ಡ್ ತಗೊಂಡು ರೆಸ್ಯೂಮೆಯಲ್ಲಿ ಹಾಕ್ಕೊಂಡ್ರೆ ಯಾರೂ ತಿರುಗಿ ನೋಡಲ್ಲ. ಅಲ್ಲಿ ಬಂದು ಮಾತಾಡಿದ ಇಂಜಿನಿಯರ್ ಹತ್ರ ಕಾರ್ಯಕ್ರಮ ಮುಗಿದ್ಮೇಲೆ ಹೋಗಿ ಒಂದು ಒಳ್ಳೇ ಪ್ರಶ್ನೆ ಕೇಳ್ತೀರಲ್ಲ, ಉಪಯೋಗಕ್ಕೆ ಬರೋದು ಅದು.

ಎರಡು, ಏನಾದ್ರೂ ಕಟ್ಟೋ ಟೀಮ್‌ಗಳು. ರೇಸ್ ಕಾರು, ಬಾಹಾ ಬಗ್ಗಿ (ಕಲ್ಲು ಮಣ್ಣಲ್ಲಿ ಓಡಿಸೋ ಸಣ್ಣ ಗಾಡಿ), ಸೋಲಾರ್ ಕಾರು, ರಾಕೆಟ್, ಡ್ರೋನ್, ಕ್ಯಾನ್‌ಸ್ಯಾಟ್ (ಕ್ಯಾನ್ ಸೈಜಿನ ಅಣಕು ಉಪಗ್ರಹ). ಸಿವಿಲ್‌ನೋರಿಗೆ ಕಾಂಕ್ರೀಟ್ ದೋಣಿ ಸ್ಪರ್ಧೆ ಅಂತ ಒಂದಿದೆ, ತಮಾಷೆ ಅಲ್ಲ, ನಿಜವಾಗ್ಲೂ ಕಾಂಕ್ರೀಟಲ್ಲೇ ದೋಣಿ ಮಾಡಿ ಹುಟ್ಟು ಹಾಕ್ಬೇಕು, ಅದಕ್ಕೂ ಮೊದ್ಲು ದೋಣಿ ತುಂಬಾ ನೀರು ತುಂಬಿಸಿ ಮುಳುಗಿಸ್ತಾರೆ, ಅದು ತಾನಾಗೇ ಮೇಲೆ ಬರ್ಬೇಕು. ಇಂಥಾ ಟೀಮ್‌ಗಳು ನಿಮ್ಮ ಸಂಜೆ, ಶನಿವಾರ, ಭಾನುವಾರ ಎಲ್ಲಾ ತಿಂದುಹಾಕ್ತವೆ, ಕಲಿಸೋದೂ ಅಷ್ಟೇ ಜಾಸ್ತಿ.

ಮೂರು, ಹವ್ಯಾಸದ ಕ್ಲಬ್‌ಗಳು. ಇದು ಟೈಮ್‌ಪಾಸ್ ಅಂತ ಮೂಗು ಮುರೀಬೇಡಿ. ಅಮೆರಿಕದ ಎಂಐಟಿಯಲ್ಲಿ 1946ರಲ್ಲಿ ಆಟಿಕೆ ರೈಲು ಓಡಿಸೋಕೆ ಅಂತ ಹುಡುಗ್ರು ಒಂದು ಕ್ಲಬ್ ಮಾಡ್ಕೊಂಡ್ರು. ಹಳಿ ಕೆಳಗಿನ ಸ್ವಿಚ್ಚು ರಿಲೇಗಳ ಹುಚ್ಚು ಹಿಡಿದವ್ರೇ ಆಮೇಲೆ ಕಂಪ್ಯೂಟರ್‌ಗೂ ಅಂಟ್ಕೊಂಡ್ರು, 1962ರ ಸ್ಪೇಸ್‌ವಾರ್ ಅನ್ನೋ ಗೇಮು ಬಂದಿದ್ದು ಅದೇ ಗುಂಪಿನ ಸುತ್ತಮುತ್ತಲಿಂದ, ಹ್ಯಾಕ್ ಅನ್ನೋ ಮಾತು ಕಂಪ್ಯೂಟರ್ ಜನರ ಬಾಯಿಗೆ ಬಂದಿದ್ದೂ ಅಲ್ಲಿಂದಾನೇ.

ಸೇರೋಕೆ ಮುಂಚೆ ಏನ್ ನೋಡ್ಬೇಕು

ಮೇಳದ ದಿನ ಎಲ್ರೂ ಚೆನ್ನಾಗೇ ಕಾಣ್ತಾರೆ. ಹೊಳೆಯೋ ಕಾರು, ಟ್ರೋಫಿ, ಒಂದೇ ಥರ ಟೀಶರ್ಟ್. ಅದನ್ನ ನೋಡಿ ಡಿಸೈಡ್ ಮಾಡ್ಬೇಡಿ. ಯಾವ್ದಾದ್ರೂ ಮಂಗಳವಾರವೋ ಬುಧವಾರವೋ ಸಂಜೆ, ಯಾರಿಗೂ ಹೇಳ್ದೆ, ಅವರ ಶೆಡ್‌ಗೋ ಲ್ಯಾಬ್‌ಗೋ ಹೋಗಿ ಒಂದು ಅರ್ಧ ಗಂಟೆ ಸುಮ್ನೆ ನಿಂತ್ಕೊಳ್ಳಿ. ಬಾಗ್ಲು ಬೀಗ ಹಾಕಿದ್ರೆ ಅಲ್ಲಿಗೇ ಉತ್ತರ ಸಿಕ್ತು. ತೆಗೆದಿದ್ರೆ ಸ್ಪ್ಯಾನರ್ ಯಾರ ಕೈಯಲ್ಲಿದೆ ನೋಡಿ. ಸೀನಿಯರ್ ಒಬ್ಬನೇ ಕೆಲ್ಸ ಮಾಡ್ತಾ ಆರು ಜನ ಜೂನಿಯರ್‌ಗಳು ಟಾರ್ಚ್ ಹಿಡ್ಕೊಂಡು ನಿಂತಿದ್ರೆ ನೀವು ಏಳನೇ ಟಾರ್ಚ್ ಆಗ್ತೀರಿ ಅಷ್ಟೇ. ಜೂನಿಯರ್ ಮಾಡ್ತಿದ್ದು ಸೀನಿಯರ್ ಕೈ ಕಟ್ಕೊಂಡು ಬೈತಾ ನಿಂತಿದ್ರೆ, ಅದು ಒಳ್ಳೇ ಕ್ಲಬ್.

ಕೇಳ್ಬೇಕಾದ ಪ್ರಶ್ನೆ ನನ್ನ ಪ್ರಕಾರ ಎರಡೇ. ಹೋದ ವರ್ಷ ಸೇರಿದ ಫಸ್ಟ್ ಇಯರ್‌ನೋರು ಈಗ ಏನ್ ಮಾಡ್ತಿದ್ದಾರೆ? ಹೋದ ವರ್ಷ ಏನೇನು ಮುರೀತು? ಎರಡನೇದು ಕೇಳಿದ ತಕ್ಷಣ ಒಳ್ಳೇ ಟೀಮ್‌ನೋರು ಖುಷಿಯಿಂದ ಕಪಾಟು ತೆಗೆದು ಮುರಿದ ಪಾರ್ಟ್ ತಂದು ತೋರಿಸ್ತಾರೆ, ಎಲ್ಲಿಂದ ಬಿರುಕು ಬಿಡ್ತು, ಯಾಕೆ ಬಿಡ್ತು ಅಂತ ಗಂಟೆಗಟ್ಲೆ ಕೊರೀತಾರೆ. ಏನೂ ಮುರೀಲಿಲ್ಲಪ್ಪ, ಎಲ್ಲಾ ಸೂಪರ್ ಆಗಿತ್ತು ಅಂದ್ರೆ ಒಂದಾ ಸುಳ್ಳು ಹೇಳ್ತಿದ್ದಾರೆ, ಇಲ್ಲಾ ಗಾಡಿ ಓಡಿಸೇ ಇಲ್ಲ.

ಹುಡುಗೀರಿಗೆ ಇನ್ನೊಂದು ಮಾತು. ಸೇರಿದ ಮೊದಲ ವಾರಾನೇ ನಿಮಗೆ ಪೋಸ್ಟರ್, ಇನ್‌ಸ್ಟಾಗ್ರಾಮ್, ಸ್ಟೇಜ್ ಮೇಲೆ ನಿರೂಪಣೆ ಇದನ್ನೇ ಕೊಡ್ತಿದ್ರೆ ಅಲ್ಲೇ ಕೇಳಿ, ನಾನು ವೆಲ್ಡಿಂಗ್ ಕಲಿಯೋಕೆ ಬಂದೆ, ಯಾವಾಗ ಕಲಿಸ್ತೀರಿ ಅಂತ. ಇಷ್ಟ ಇದ್ದು ಪೋಸ್ಟರ್ ಮಾಡೋದು ಬೇರೆ, ಹುಡುಗಿ ಅಂತ ತಲೆಗೆ ಕಟ್ಟೋದು ಬೇರೆ. ಉತ್ತರ ಸರಿ ಬರ್ಲಿಲ್ಲ ಅಂದ್ರೆ ಬೇರೆ ಟೀಮ್ ನೋಡಿ.

ನಂಗೇನೂ ಬರಲ್ಲ, ತಗೋತಾರಾ?

ಎಲ್ರೂ ಕೇಳೋದು ಇದೇ. ಇದಕ್ಕೆ ನಾನು ಫಾರ್ಮುಲಾ ಸ್ಟೂಡೆಂಟ್, ಅಂದ್ರೆ ಕಾಲೇಜು ಟೀಮ್‌ಗಳು ತಾವೇ ಕಟ್ಟಿದ ರೇಸ್ ಕಾರಿನ ಸ್ಪರ್ಧೆಯ ಲೆಕ್ಕ ಹೇಳ್ತೀನಿ. ಎಸ್‌ಎಇ ಅನ್ನೋ ವಾಹನ ಇಂಜಿನಿಯರ್‌ಗಳ ಸಂಸ್ಥೆಯ ರೂಲ್ಸ್ ಪ್ರಕಾರ ಒಟ್ಟು 1000 ಪಾಯಿಂಟ್. ಅದರಲ್ಲಿ ಡಿಸೈನ್‌ಗೆ 150, ಕಾಸ್ಟ್ ರಿಪೋರ್ಟಿಗೆ 100, ಪ್ರೆಸೆಂಟೇಷನ್‌ಗೆ 75. ಅಂದ್ರೆ 325 ಪಾಯಿಂಟು ಕಾರು ಒಂದಿಂಚು ಅಲ್ಲಾಡ್ದೇನೇ ಗೆಲ್ಲೋದು ಸೋಲೋದು! ಒಂದೊಂದು ಬೋಲ್ಟಿನ ಲೆಕ್ಕ ಇಡೋಕೆ ಬರೋನು, ಜಡ್ಜ್ ಮುಂದೆ ನಿಂತು ನಡುಗದೆ ಮಾತಾಡೋಳು, ನೀಟಾಗಿ ಡ್ರಾಯಿಂಗ್ ಮಾಡೋರು, ಇವರೆಲ್ಲಾ ಬೇಕೇ ಬೇಕು. ಇಂಜಿನ್ ಬಿಚ್ಚೋಕೆ ಬರೋರು ನಾಲ್ಕು ಜನ ಹೆಂಗೂ ಸಿಗ್ತಾರೆ, ಕಾಸ್ಟ್ ರಿಪೋರ್ಟ್ ಕೂತು ಬರೆಯೋರೇ ಸಿಗಲ್ಲ.

ಇಂಟರ್ವ್ಯೂ ಇದ್ರೆ ಗೊತ್ತಿಲ್ದೇ ಇರೋದನ್ನ ಗೊತ್ತು ಅನ್ಬೇಡಿ. ವಾರಕ್ಕೆ ಎಷ್ಟು ಗಂಟೆ ಕೊಡ್ತೀರಿ ಅಂತ ಕೇಳಿದ್ರೆ ನಿಜ ಹೇಳಿ. ಆರು ಗಂಟೆ ಅಂತ ಹೇಳಿ ಆರೂ ಗಂಟೆ ಬರೋನು, ಇಪ್ಪತ್ತು ಅಂತ ಹೇಳಿ ಮೂರನೇ ವಾರಕ್ಕೆ ಮಾಯ ಆಗೋನಿಗಿಂತ ಎಷ್ಟೋ ವಾಸಿ.

ಸೇರಿದ್ಮೇಲೆ ಸಣ್ಣ ಕೆಲ್ಸ ಕೊಡ್ತಾರೆ. ಡಬ್ಬಿಗೆ ಲೇಬಲ್ ಅಂಟಿಸು, ವೈರ್ ಕ್ರಿಂಪ್ ಮಾಡು (ಅಂದ್ರೆ ವೈರ್ ತುದಿಗೆ ಲೋಹದ ಟರ್ಮಿನಲ್ ಒತ್ತಿ ಕೂರಿಸು), ಅಲ್ಯುಮಿನಿಯಮ್ ಉಜ್ಜು. ಬೇಜಾರ್ ಮಾಡ್ಕೊಬೇಡಿ, ಇದು ಚಿಲ್ಲರೆ ಕೆಲ್ಸ ಅಂತ ಅಸಡ್ಡೆನೂ ಮಾಡ್ಬೇಡಿ. ನಾನು ಅಸಡ್ಡೆ ಮಾಡಿ ಅನುಭವಿಸಿದೀನಿ. ಇಂಜಿನ್‌ಗೆ ಯಾವ ಕ್ಷಣಕ್ಕೆ ಕಿಡಿ ಕೊಡ್ಬೇಕು ಅಂತ ತಿಳಿಸೋ ಕ್ರ್ಯಾಂಕ್ ಸೆನ್ಸರ್ ವೈರಿಗೆ ಟರ್ಮಿನಲ್ ಕ್ರಿಂಪ್ ಮಾಡೋ ಕೆಲ್ಸ ನಂದಾಗಿತ್ತು. ವೈರ್ ತುದಿಯ ಇನ್ಸುಲೇಷನ್ ಒಂದೆರಡು ಮಿಲಿಮೀಟರ್ ಕಡಿಮೆ ಸುಲಿದಿದ್ದೆ, ಟರ್ಮಿನಲ್ಲಿನ ಹಲ್ಲು ತಾಮ್ರಾನ ಕಚ್ಚೋ ಬದ್ಲು ಅರ್ಧ ಪ್ಲಾಸ್ಟಿಕ್ಕನ್ನೇ ಕಚ್ಕೊಂಡಿತ್ತು. ಮೇಲಿಂದ ನೋಡಿದ್ರೆ ನೀಟಾಗೇ ಕಾಣೋದು. ಶೆಡ್ಡಲ್ಲಿ ಇಂಜಿನ್ ಜುಮ್ ಅಂತ ಸ್ಟಾರ್ಟ್ ಆಯ್ತು, ಟೆಸ್ಟಿಂಗಲ್ಲೂ ಏನೂ ತೊಂದ್ರೆ ಇಲ್ಲ. ಎಂಡ್ಯೂರೆನ್ಸ್ ಅಂತ ಕೊನೇ ರೇಸ್ ಇರತ್ತೆ, ಸುಮಾರು 22 ಕಿಲೋಮೀಟರ್, ಅರ್ಧಕ್ಕೆ ಡ್ರೈವರ್ ಬದಲಾಗ್ಬೇಕು, ಆಗ ಇಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡ್ಬೇಕು. ಬಿಸಿಗೂ ನಡುಕಕ್ಕೂ ಆ ಟರ್ಮಿನಲ್ ಸಡಿಲ ಆಗೋಗಿತ್ತು, ಸ್ಟಾರ್ಟರ್ ತಿರುಗ್ತಾನೇ ಇದೆ, ಇಂಜಿನ್ ಕೆಮ್ಮೋದೂ ಇಲ್ಲ. ಟೈಮ್ ಮುಗೀತು, ಕಾರನ್ನ ತಳ್ಕೊಂಡು ಬಂದ್ವಿ. ಎಂಡ್ಯೂರೆನ್ಸ್‌ನ 275 ಪಾಯಿಂಟಲ್ಲಿ ಹೆಚ್ಚೂಕಡ್ಮೆ ಎಲ್ಲಾ ಹೋಯ್ತು, ಅದನ್ನ ಮುಗಿಸಿದ್ರೆ ಮಾತ್ರ ಸಿಗೋ ಎಫಿಷಿಯೆನ್ಸಿಯ (ಇಂಧನ ಉಳಿತಾಯದ) 100ನೂ ಹೋಯ್ತು. ಸೀನಿಯರ್ ಒಬ್ರು ಕನೆಕ್ಟರ್ ಬಿಚ್ಚಿ ವೈರ್ ಹಿಡಿದು ಮೆತ್ತಗೆ ಎಳೆದ್ರು, ಕೈಗೇ ಬಂತು. ಬೈಲೇ ಇಲ್ಲ, ಅದೇ ಜಾಸ್ತಿ ಉರೀತು. ಅವತ್ತಿಂದ ನಮ್ಮ ಟೀಮಲ್ಲಿ ಪ್ರತಿ ಕ್ರಿಂಪನ್ನೂ ಎಳೆದು ನೋಡ್ಬೇಕು, ಮಾಡಿದೋನು ಒಂದ್ಸಲ, ಪಕ್ಕದೋನು ಒಂದ್ಸಲ.

ಪರೀಕ್ಷೆ ಟೈಮಲ್ಲಿ ಏನ್ ಮಾಡೋದು ಅಂದ್ರೆ, ಓದಿ. ಶುಕ್ರವಾರ ರಾತ್ರಿ ಫೋನ್ ಸ್ವಿಚ್ ಆಫ್ ಮಾಡೋ ಬದ್ಲು ಸೋಮವಾರಾನೇ ಈ ವಾರ ನಂಗಾಗಲ್ಲ ಅಂತ ಹೇಳ್ಬಿಡಿ, ಯಾರೂ ತಿಂದ್ಹಾಕಲ್ಲ. ಒಂದು ಸೀರಿಯಸ್ ಕ್ಲಬ್, ಬೇಕಿದ್ರೆ ಜೊತೆಗೆ ಒಂದು ಹಗುರ ಕ್ಲಬ್, ಅದಕ್ಕಿಂತ ಜಾಸ್ತಿ ಬೇಡವೇ ಬೇಡ.

ಇಲ್ದಿದ್ರೆ ನೀವೇ ಶುರು ಮಾಡೋದು

ನಿಮಗೆ ಬೇಕಾದ್ದು ಕಾಲೇಜಲ್ಲಿ ಇಲ್ವಾ? ಮೊದ್ಲು ಇರೋ ಕ್ಲಬ್ ಒಳಗೇ ಒಂದು ಸಣ್ಣ ಟೀಮ್ ಆಗಿ ಮಾಡೋಕಾಗತ್ತಾ ಕೇಳಿ, ರೂಮು, ಟೂಲ್ಸು, ಅನುಮತಿ ಎಲ್ಲಾ ರೆಡಿ ಸಿಗತ್ತೆ. ಆಗಲ್ಲ ಅಂದ್ರೆ ಮಾತ್ರ ಹೊಸದು. ನಾಲ್ಕೈದು ಜನ ಸಾಕು, ನಲವತ್ತು ಬೇಡ. ಲೋಗೋ, ಟೀಶರ್ಟ್, ಪ್ರೆಸಿಡೆಂಟು ವೈಸ್ ಪ್ರೆಸಿಡೆಂಟು ಇವೆಲ್ಲಾ ಆಮೇಲೆ, ಮೊದಲ ಒಂದೂವರೆ ತಿಂಗಳಲ್ಲಿ ಏನಾದ್ರೂ ಒಂದು ವಸ್ತು ಮಾಡಿ ಮೇಜಿನ ಮೇಲೆ ಇಡಿ. ಕ್ಯಾನ್‌ಸ್ಯಾಟ್ ಇದಕ್ಕೆ ಹೇಳಿ ಮಾಡಿಸಿದಂಗಿದೆ: 350 ಮಿಲಿಲೀಟರ್ ಸಾಫ್ಟ್ ಡ್ರಿಂಕ್ ಕ್ಯಾನ್ ಸೈಜಲ್ಲಿ ಸೆನ್ಸರ್, ರೇಡಿಯೋ, ಬ್ಯಾಟರಿ, ಪ್ಯಾರಾಶೂಟ್ ಎಲ್ಲಾ ಹಿಡಿಸಿ ಮೇಲಿಂದ ಬಿಟ್ಟು ಡೇಟಾ ತಗೊಳ್ಳೋದು. ಎಲೆಕ್ಟ್ರಾನಿಕ್ಸ್‌ನೋರಿಗೂ ಕೆಲ್ಸ, ಕೋಡಿಂಗ್‌ನೋರಿಗೂ ಕೆಲ್ಸ, ಹೊಲಿಗೆ ಬರೋರಿಗೂ ಕೆಲ್ಸ. ಆ ವಸ್ತು ಕೈಯಲ್ಲಿ ಹಿಡ್ಕೊಂಡು ಹೋಗಿ ಪ್ರೊಫೆಸರ್ ಒಬ್ಬರನ್ನ ಸಲಹೆಗಾರರಾಗಿ ಅಂತ ಕೇಳಿ, ಬರೀ ಐಡಿಯಾ ಹಿಡ್ಕೊಂಡು ಹೋದ್ರೆ ನೋಡೋಣಪ್ಪ ಅಂತಾರೆ. ದೊಡ್ಡ ಹೆಸರಿನ ಪ್ರೊಫೆಸರ್‌ಗಿಂತ ಮೇಲ್‌ಗೆ ಅದೇ ದಿನ ಉತ್ತರ ಕೊಡೋ ಪ್ರೊಫೆಸರ್ ಬೇಕು, ಯಾಕಂದ್ರೆ ಪ್ರತಿ ಅನುಮತಿ ಪತ್ರಕ್ಕೂ ಅವರ ಸಹಿ ಬೇಕು.

ದುಡ್ಡು. ಕಂಪನಿಗಳ ಹತ್ರ ನಗದು ಕೇಳೋದಕ್ಕಿಂತ ವಸ್ತು ಕೇಳಿ, ಕೆಲ್ಸ ಕೇಳಿ. ಉಳಿದಿರೋ ಅಲ್ಯುಮಿನಿಯಮ್ ತುಂಡು, ಲೇಸರ್ ಕಟಿಂಗ್ ಒಂದು ಗಂಟೆ, ಬೇರಿಂಗ್ ನಾಲ್ಕು. ಇದಕ್ಕೆ ಹೂಂ ಅನ್ನೋದು ಅವರಿಗೂ ಸುಲಭ. ಕೊಟ್ಟೋರಿಗೆ ಅದೇ ಪಾರ್ಟ್ ಗಾಡಿಯಲ್ಲಿ ಕೂತಿರೋ ಫೋಟೋ ಕಳ್ಸೋದು ಮರೀಬೇಡಿ, ಮುಂದಿನ ವರ್ಷ ಅವರೇ ಫೋನ್ ಮಾಡ್ತಾರೆ. ಖಾತೆಯಿಂದ ದುಡ್ಡು ತೆಗೆಯೋಕೆ ಇಬ್ಬರ ಸಹಿ ಇರ್ಲಿ, ಬಿಲ್ ಎಲ್ಲಾ ಅವತ್ತೇ ಫೋಟೋ ತೆಗೆದು ಒಂದೇ ಕಡೆ ಹಾಕಿ. ಸ್ನೇಹ ಕೆಡೋದು ಜಗಳದಿಂದಲ್ಲ, ಕಳೆದುಹೋದ ಬಿಲ್‌ನಿಂದ.

ಸೇಫ್ಟಿ ವಿಷ್ಯದಲ್ಲಿ ಮಾತ್ರ ನಾನು ಮುಲಾಜಿಲ್ದೇ ಹೇಳೋದು. ರಾತ್ರಿ ಒಬ್ರೇ ಮೆಷಿನ್ ಮುಟ್ಬಾರ್ದು. ಲೇತ್ ಮುಂದೆ ಗ್ಲೌಸ್ ಹಾಕ್ಬಾರ್ದು, ತಿರುಗೋ ಮೆಷಿನ್ ಗ್ಲೌಸ್ ಸಮೇತ ಕೈ ಎಳ್ಕೊಳ್ಳತ್ತೆ, ಕೂದಲು ಕಟ್ಟಿರ್ಬೇಕು, ತೋಳು ಮಡಚಿರ್ಬೇಕು. ಲಿಥಿಯಮ್ ಪಾಲಿಮರ್ ಬ್ಯಾಟರಿ ಒಂದು ಸೆಲ್ಲಿಗೆ 4.2 ವೋಲ್ಟ್ ದಾಟ್ಬಾರ್ದು, ಚಾರ್ಜಿಗೆ ಹಾಕಿ ಮನೆಗೆ ಹೋಗ್ಬಾರ್ದು, ಊದಿರೋ ಬ್ಯಾಟರಿ ಇನ್ನೊಂದ್ಸಲ ಬಳಸ್ಬಾರ್ದು. ಟೀಮ್ ಲೀಡರ್ ಇದಕ್ಕೆ ನಕ್ರೆ ಆ ಟೀಮ್ ಬಿಟ್ಬಿಡಿ.

ಬಿಟ್ಟು ಹೋಗುವಾಗ

ಕ್ಲಬ್‌ಗಳು ಸಾಯೋದು ಸೋತು ಅಲ್ಲ, ಕೊನೇ ವರ್ಷದೋರು ಎಲ್ಲಾ ತಲೆಯಲ್ಲೇ ಇಟ್ಕೊಂಡು ಹೊರಟುಹೋಗೋದ್ರಿಂದ. ಹೊಸ ಲೀಡರ್‌ನ ಕೊನೇ ತಿಂಗಳಲ್ಲಿ ಆರಿಸಿದ್ರೆ ಅವ್ರು ಕಲಿಯೋದು ಯಾವಾಗ? ಅರ್ಧ ವರ್ಷ ಮುಂಚೇನೇ ಆರಿಸಿ ಜೊತೆಗೆ ಓಡಾಡಿಸಿ. ಫೈಲ್‌ಗಳು ನಿಮ್ಮ ಸ್ವಂತ ಡ್ರೈವಲ್ಲಿ ಬೇಡ, ಕ್ಲಬ್ ಅಕೌಂಟಲ್ಲಿ ಇರ್ಲಿ. ನಮ್ಮ ಕ್ಲಬ್ ಮೇಲ್‌ನ ಪಾಸ್‌ವರ್ಡ್ ರೀಸೆಟ್ ಒಬ್ಬ ಹಳೇ ಸೀನಿಯರ್ ಫೋನ್ ನಂಬರಿಗೆ ಹೋಗ್ತಿತ್ತು, ಆ ನಂಬರೂ ಬಂದ್ ಆಗಿತ್ತು, ಸ್ಪರ್ಧೆಯ ರಿಜಿಸ್ಟ್ರೇಷನ್ ಲಾಸ್ಟ್ ಡೇಟ್ ದಿನ ನಾವು ಪಟ್ಟ ಪಾಡು ಯಾರಿಗೂ ಬೇಡ.

ಬರೆದಿಡುವಾಗ ಏನ್ ಮಾಡಿದ್ವಿ ಅನ್ನೋದಕ್ಕಿಂತ ಯಾಕೆ ಮಾಡಿದ್ವಿ ಅನ್ನೋದು ಬರೀರಿ. ನಮ್ಮ ಕಾರಲ್ಲಿ ಸ್ಟೀರಿಂಗ್ ಮೌಂಟ್ ಹತ್ರ 12 ಮಿಲಿಮೀಟರ್ ದಪ್ಪದ ಒಂದು ಸ್ಪೇಸರ್ (ಬೋಲ್ಟಿಗೆ ತೂರಿಸೋ ಬಳೆ) ಇತ್ತು, ಡ್ರಾಯಿಂಗಲ್ಲಿ ಅದರ ಪಕ್ಕ 'ಬದಲಾಯಿಸಬೇಡಿ' ಅಂತ ಕೆಂಪು ಅಕ್ಷರ. ಮೂರು ಬ್ಯಾಚು ಅದನ್ನ ದೇವ್ರ ಥರ ಕಾಪಾಡ್ಕೊಂಡು ಬಂತು. ಒಬ್ಬ ಅದರ ಮೇಲೆ ಸ್ಟ್ರೆಸ್ ಅನಾಲಿಸಿಸ್ ಬೇರೆ ಮಾಡಿ ಡಿಸೈನ್ ಜಡ್ಜ್‌ಗೆ ತೋರಿಸಿದ್ದ! ಕೊನೆಗೆ ತಡೀಲಾರ್ದೆ ಅದನ್ನ ಹಾಕಿದ ಸೀನಿಯರ್‌ನ ಹುಡುಕಿ ಫೋನ್ ಮಾಡ್ದೆ. ಎರಡು ನಿಮಿಷ ನಗ್ತಾನೇ ಇದ್ರು. "ಅಯ್ಯೋ, ಅವತ್ತು ನಮ್ಮತ್ರ ಉದ್ದ ಬೋಲ್ಟ್ ಮಾತ್ರ ಇತ್ತು ಕಣೋ, ಜಾಗ ತುಂಬ್ಸೋಕೆ ಹಾಕಿದ್ದು."