ರೀಬಿಲ್ಟ್ ಟೈಟಲ್ ಕಾರು ತಗೊಳ್ಳುವ ಮುಂಚೆ

ಇಲ್ಲಿ ಅಮೆರಿಕದಲ್ಲಿ ಮೊದಲ ಕಾರು ಹುಡುಕುತ್ತಿರುವವರಿಗೆ ಒಂದು ಮಾತು. ಅದೇ ಮಾಡೆಲ್, ಅದೇ ವರ್ಷ, ಆದರೆ ರೇಟು ಸಾವಿರಾರು ಡಾಲರ್ ಕಡಿಮೆ ಇದ್ದರೆ ಟೈಟಲ್, ಅಂದರೆ ಕಾರಿನ ಮಾಲೀಕತ್ವದ ಪತ್ರ, ನೋಡಿ. ‘ರೀಬಿಲ್ಟ್’ ಅಂತಿದ್ದರೆ, ಅದನ್ನು ಒಮ್ಮೆ ಇನ್ಶೂರೆನ್ಸ್‌ನವರು ‘ಇದು ರಿಪೇರಿಗೆ ಲಾಯಕ್ಕಿಲ್ಲ’ ಅಂತ ಕೈಬಿಟ್ಟಿರುತ್ತಾರೆ. ಆಮೇಲೆ ಯಾರೋ ರಿಪೇರಿ ಮಾಡಿ ರಸ್ತೆಗೆ ಬಿಟ್ಟಿರುತ್ತಾರೆ. ಸ್ಟೇಟ್ ಇನ್‌ಸ್ಪೆಕ್ಷನ್ ಪಾಸಾಗಿದೆ ಅನ್ನುವ ಒಂದೇ ಕಾರಣಕ್ಕೆ ಕಾರನ್ನು ನಂಬಬೇಡಿ. ಎಷ್ಟೋ ಕಡೆ ಅವರು ಮುಖ್ಯವಾಗಿ ನೋಡುವುದು ಕದ್ದ ಪಾರ್ಟ್ಸ್ ಹಾಕಿದ್ದಾರಾ ಅಂತ.

ಮೊದಲು ಇನ್ಶೂರೆನ್ಸ್‌ಗೆ ಫೋನ್ ಮಾಡಿ, ವಿನ್ ನಂಬರ್ (ಆ ಕಾರಿನ ಗುರುತಿನ ಸಂಖ್ಯೆ) ಕೊಟ್ಟು ಕೇಳಿ. ಕೆಲವರು ಬರೀ ಲಯಬಿಲಿಟಿ (ನಿಮ್ಮಿಂದ ಬೇರೆಯವರಿಗೆ ಆದ ನಷ್ಟಕ್ಕೆ ಮಾತ್ರ) ಕೊಡುತ್ತಾರೆ, ನಿಮ್ಮ ಕಾರಿನ ನಷ್ಟವೂ ಸೇರುವ ಫುಲ್ ಕವರೇಜ್ ಇಲ್ಲ ಅನ್ನುತ್ತಾರೆ. ಸಾಲವೂ ಸುಲಭಕ್ಕೆ ಸಿಗುವುದಿಲ್ಲ.

ಏನಾಗಿತ್ತು ಅನ್ನುವುದೇ ಮುಖ್ಯ. ಆಲಿಕಲ್ಲು ಬಿದ್ದು ಬಾನೆಟ್ ತಗ್ಗಾಗಿದ್ದರೆ ನಾನಾದರೂ ಯೋಚನೆ ಮಾಡುತ್ತೇನೆ. ನೆರೆ ನೀರಿನಲ್ಲಿ ಮುಳುಗಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ಕೆಸರಿನ ಕಲೆ ಅಲ್ಲೇ ಸಿಕ್ಕಿಬೀಳುವುದು. ಕಾರ್ಪೆಟ್ ಎತ್ತಿ ಮೂಸಿ. ಏರ್ ಫ್ರೆಶ್ನರ್ ಘಮಘಮ ಜಾಸ್ತಿ ಇದ್ದರೆ ಸುಮ್ನೆ ಅಲ್ಲ!

ಇನ್ನೊಂದು. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹೊತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಹೊತ್ತಲೇ ಇಲ್ಲ ಅಂದರೆ ದೀಪವನ್ನೇ ಕಿತ್ತಿರಬಹುದು ಅಲ್ವಾ? ರಿಪೇರಿಗೆ ಮುಂಚಿನ ಫೋಟೋ, ಬಿಲ್ಲು ಕೇಳಿ. ಕೊಡದಿದ್ದರೆ ವಾಪಸ್ ಬನ್ನಿ. ಕೊಟ್ಟರೂ ನಿಮಗೆ ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಲಿಫ್ಟ್ ಮೇಲೆ ಏರಿಸಿ, ಫ್ರೇಮ್ ತೋರಿಸಿಯೇ ದುಡ್ಡು ಕೊಡಿ.