ಬೀಗದ ಬಾಡಿಗೆ: ಸಪ್ತಾಪುರದ ಹತ್ತು ರೂಮುಗಳ ಲೆಕ್ಕ

2025ರ ಮೇ ತಿಂಗಳಲ್ಲಿ ನಮ್ಮ ಸಪ್ತಾಪುರದ ಕಟ್ಟಡದ ಹತ್ತು ರೂಮುಗಳಲ್ಲಿ ಒಂದೂ ಖಾಲಿಯಾಗಲಿಲ್ಲ. ಹುಡುಗರು ಊರಿಗೆ ಹೋಗಿದ್ದರು, ಆರು ರೂಮುಗಳಿಗೆ ಬೀಗ ಬಿದ್ದಿತ್ತು. ಆ ಆರೂ ಬೀಗಗಳಿಗೆ ಬಾಡಿಗೆ ಬರುತ್ತಿತ್ತು. ಧಾರವಾಡದಲ್ಲಿ ವಿದ್ಯಾರ್ಥಿಗಳಿಗೆ ರೂಮು ಕೊಡುವ ಯಾರನ್ನಾದರೂ ಕೇಳಿ, ಮೇ ತಿಂಗಳೆಂದರೆ ಏನೆಂದು ಹೇಳುತ್ತಾರೆ. ಪರೀಕ್ಷೆ ಮುಗಿದ ವಾರವೇ ಗಾದಿ ಸುತ್ತಿ, ಟ್ರಂಕನ್ನು ಆಟೋಕ್ಕೆ ಏರಿಸಿ ಹೊರಟರೆ, ಗೇಟಿನ ಮೇಲಿನ 'ಬಾಡಿಗೆಗಿದೆ' ಹಲಗೆ ಇಳಿಯುವುದು ಗಣೇಶ ಚೌತಿಯ ಹೊತ್ತಿಗೆ. ನಾನೂ ಆ ಹಲಗೆಯನ್ನು ಮೂರು ಬೇಸಿಗೆ ನೋಡಿದವನೇ.

ಪ್ಲಾಟು 30 x 50 ಅಡಿಯದು, 2009ರಲ್ಲಿ ತೆಗೆದುಕೊಂಡದ್ದು. 2016ರಲ್ಲಿ ಪಾಯ ತೋಡಿಸಿದೆ, ಮರುವರ್ಷ ಮುಗಿಯಿತು. ಒಟ್ಟು 44 ಲಕ್ಷದ ಆಸುಪಾಸು ಖರ್ಚಾಯಿತು. ಅದರಲ್ಲಿ 25 ಲಕ್ಷ ಬ್ಯಾಂಕಿನದು, ಉಳಿದದ್ದು ನನ್ನ ಭವಿಷ್ಯ ನಿಧಿ ಮತ್ತು ಮನೆಯವಳ ಬಂಗಾರ. ಕಂತು ತಿಂಗಳಿಗೆ 25 ಸಾವಿರ ಚಿಲ್ಲರೆ. ಕೆಳಗೆ ಸಂಸಾರಗಳಿಗೆಂದು ಒಂದು ದೊಡ್ಡದು, ಒಂದು ಸಣ್ಣದು ಎರಡು ಮನೆ, ಮೇಲಿನ ಎರಡು ಮಹಡಿಗಳಲ್ಲಿ ಐದೈದು ರೂಮು, ರೂಮಿಗೆ ಇಬ್ಬರು. ಸಣ್ಣ ಮನೆಯಲ್ಲಿ ತಂಗಿಯ ಸಂಸಾರವಿರುವುದರಿಂದ ಅದು ಈ ಲೆಕ್ಕದಲ್ಲಿಲ್ಲ.

"ತಮ್ಮಾ, ಓದುವ ಹುಡುಗರಿಗೆ ಕೊಟ್ಟರೆ ಗೋಡೆಯೂ ಉಳಿಯುವುದಿಲ್ಲ. ಸುಮ್ಮನೆ ನಾಲ್ಕು ಸಂಸಾರಗಳ ಮನೆ ಕಟ್ಟಿಸು" ಎಂದಿದ್ದ ನಮ್ಮಣ್ಣ. ನಾನು ಕೇಳಲಿಲ್ಲ. ಒಂದು ಕಡೆ ಕರ್ನಾಟಕ ವಿಶ್ವವಿದ್ಯಾಲಯ, ಇನ್ನೊಂದು ಕಡೆ ಕರ್ನಾಟಕ ಕಾಲೇಜು, ನಡುವೆ ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿ ಕೇಂದ್ರಗಳ ಸಾಲು. ಇಂಥ ಜಾಗದಲ್ಲಿ ರೂಮು ಖಾಲಿ ಉಳಿಯುವುದು ಹೇಗೆ ಎಂಬ ಧೈರ್ಯ ನನ್ನದು. ಆದರೂ ಉಳಿಯಿತು. ರೂಮಿಗೆ 4,500ರಂತೆ ವರ್ಷಕ್ಕೆ 5 ಲಕ್ಷ 40 ಸಾವಿರ ಬರಬೇಕಿತ್ತು. 2018–19ರಲ್ಲಿ ಕೈಗೆ ಬಂದದ್ದು 3 ಲಕ್ಷ 60 ಸಾವಿರ ಇರಬೇಕು. ಕೆಳಗಿನ ದೊಡ್ಡ ಮನೆಯ 84 ಸಾವಿರ ಸೇರಿಸಿ, ಕಂತು, ನೀರು, ಕರೆಂಟು, ಬಣ್ಣ, ಏಜೆಂಟರ ಪಾಲು ಕಳೆದರೆ ನನಗೆ ಉಳಿದದ್ದು 40–45 ಸಾವಿರ. ಬ್ಯಾಂಕಿನ ಠೇವಣಿಯಲ್ಲಿಟ್ಟು ಸುಮ್ಮನೆ ಕುಳಿತಿದ್ದರೂ ಅದರ ಮೂರು ಪಟ್ಟು ಬರುತ್ತಿತ್ತು.

ಮೊದಲ ಪೆಟ್ಟು ಬಿದ್ದದ್ದು ನೀರಿನಿಂದ. ಮಲಪ್ರಭೆಯ ನೀರು ನಮ್ಮ ಓಣಿಗೆ ವಾರಕ್ಕೊಮ್ಮೆ ಬರುತ್ತಿತ್ತು. ಇಪ್ಪತ್ತು ಹುಡುಗರು ದಿನಕ್ಕೆ ತಲೆಗೆ ನೂರು ಲೀಟರ್ ಬಳಸಿದರೆ ವಾರಕ್ಕೆ 14 ಸಾವಿರ ಲೀಟರ್ ಬೇಕು. ನಾನು ಕಟ್ಟಿಸಿದ್ದ ನೆಲದಡಿಯ ಟ್ಯಾಂಕು 6 ಸಾವಿರ ಲೀಟರಿನದು. ನಾಲ್ಕನೆಯ ದಿನವೇ ಟ್ಯಾಂಕರಿಗೆ ಫೋನು. ಬೋರ್ ಹಾಕಿಸಿದೆ, 400 ಅಡಿ ಹೋದರೂ ದೂಳು ಬಿಟ್ಟರೆ ಏನೂ ಬರಲಿಲ್ಲ, 90 ಸಾವಿರ ಮಣ್ಣುಪಾಲು. ಕೊನೆಗೆ ವಾಹನ ನಿಲ್ಲಿಸುವ ಜಾಗ ಅಗೆದು 10 ಸಾವಿರ ಲೀಟರಿನ ಇನ್ನೊಂದು ಟ್ಯಾಂಕು ಮಾಡಿಸಿದೆ. ಆ ದುಡ್ಡನ್ನು ಮೊದಲೇ ಅಲ್ಲಿ ಹಾಕಬೇಕಿತ್ತು.

ಎರಡನೆಯ ಪೆಟ್ಟು ತಿಗಣೆ. ಪ್ಲೈವುಡ್ ಮಂಚಗಳನ್ನು ಒಂದಕ್ಕೆ 4 ಸಾವಿರದಂತೆ ಇಪ್ಪತ್ತು ಮಾಡಿಸಿದ್ದೆ. ಒಂದು ರಾತ್ರಿ ಮೂರನೇ ನಂಬರಿನ ಹುಡುಗ ಮೊಬೈಲ್ ಬೆಳಕು ಬಿಟ್ಟು ಮಂಚದ ಸಂದಿ ತೋರಿಸಿದ. ಎಳ್ಳು ಚೆಲ್ಲಿದ ಹಾಗಿತ್ತು. ಔಷಧ ಹೊಡೆಸಿದ ಮೇಲೂ ಎರಡು ತಿಂಗಳಲ್ಲಿ ಮತ್ತೆ ಬಂದವು. ಎಲ್ಲವನ್ನೂ ತೆಗೆದುಹಾಕಿ ಕಬ್ಬಿಣದ ಆ್ಯಂಗಲ್ ಮಂಚ ಹಾಕಿಸಿದೆ. ವೆಲ್ಡಿಂಗ್‌ನವನಿಗೆ ಒಂದೇ ಷರತ್ತು: ಪಟ್ಟಿಗಳ ನಡುವೆ ಬೆರಳು ಆಡುವಷ್ಟು ಸಂದಿ ಇರಬೇಕು, ಕೊಳವೆಯ ಬಾಯಿ ಎಲ್ಲಿಯೂ ತೆರೆದಿರಕೂಡದು. ಮೇಜುಗಳೂ ಹಾಗೆಯೇ, ಎರಡು ವರ್ಷಕ್ಕೆ ಕಾಲು ಮುರಿಯುತ್ತಿದ್ದವು. ಈಗ ಕಿಟಕಿಯ ಕೆಳಗೆ ಗೋಡೆಗೇ ಕೂರಿಸಿದ ಕಡಪಾ ಫರ್ಸಿ ಇದೆ, ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ. ಹಾಕಿಸಿದ ಮೇಲೆ ಆ ಬಾಬ್ತಿಗೆ ಒಂದು ರೂಪಾಯಿ ಖರ್ಚಾಗಿಲ್ಲ.

ಆಮೇಲೆ 2020ರ ಮಾರ್ಚ್. ಲಾಕ್‌ಡೌನ್ ಘೋಷಣೆಗೆ ಮೊದಲೇ ಕಾಲೇಜುಗಳು ಮುಚ್ಚಿ ಹುಡುಗರು ಊರು ಸೇರಿದ್ದರು. ಏಪ್ರಿಲ್ ಮೊದಲ ವಾರ ನಾನು ಎಲ್ಲರಿಗೂ ಪೂರ್ತಿ ಬಾಡಿಗೆ ಕೇಳಿ ಸಂದೇಶ ಕಳಿಸಿದೆ. ಅದು ನಾನು ಮಾಡಿದ ದೊಡ್ಡ ತಪ್ಪು. ನಿರ್ಬಂಧ ಸಡಿಲವಾದ ಕೂಡಲೇ ಆರು ರೂಮಿನವರು ಬಂದು ಸಾಮಾನು ಒಯ್ದರು. ಕಂತಿಗೆ ಆಗಸ್ಟ್‌ವರೆಗೆ ವಿನಾಯಿತಿ ಸಿಕ್ಕಿತಾದರೂ ಬಡ್ಡಿ ಬೆಳೆಯುತ್ತಲೇ ಇತ್ತು. ಆಗ ಸಿಂದಗಿ ಕಡೆಯ ಒಬ್ಬ ಎಂ.ಎ. ಹುಡುಗ ಫೋನು ಮಾಡಿದ. "ಸರ್, ಪೂರ್ತಿ ಬಾಡಿಗೆ ಕೊಡಲು ನಮ್ಮ ಅಪ್ಪನ ಕೈಯಲ್ಲಿ ಆಗುವುದಿಲ್ಲ. ಪುಸ್ತಕ ಎಲ್ಲ ಅಲ್ಲೇ ಇವೆ. ಬೀಗ ಹಾಗೇ ಇರಲಿ, ತಿಂಗಳಿಗೆ ಒಂದು ಸಾವಿರ ಹಾಕುತ್ತೇನೆ."

ಆ ಹೊತ್ತಿಗೆ ಸಾವಿರವೂ ದೊಡ್ಡದೇ ಎಂದು ಒಪ್ಪಿಕೊಂಡೆ. ರಾತ್ರಿ ಕುಳಿತು ಲೆಕ್ಕ ಹಾಕಿದಾಗ ನಿದ್ದೆ ಹಾರಿಹೋಯಿತು. ನಾನು ಗಣಿತದ ಮೇಷ್ಟ್ರು, ಮೂರು ವರ್ಷ ಈ ಲೆಕ್ಕ ಕಣ್ಣಿಗೆ ಬಿದ್ದಿರಲಿಲ್ಲ. ಹುಡುಗ ರೂಮು ಬಿಟ್ಟರೆ ಮೂರು ತಿಂಗಳು ಖಾಲಿ, 13,500 ಹೋಯಿತು. ಬಣ್ಣಕ್ಕೆ 2,500, ಏಜೆಂಟನಿಗೆ ಅರ್ಧ ತಿಂಗಳು. ಒಟ್ಟು 18 ಸಾವಿರ. ಅದೇ ಹುಡುಗ ಮೂರರಲ್ಲಿ ಒಂದು ಪಾಲು ಬಾಡಿಗೆ ಕಟ್ಟಿ ಬೀಗ ಹಾಕಿಕೊಂಡು ಹೋದರೆ ಬಣ್ಣವೂ ಇಲ್ಲ, ಏಜೆಂಟನೂ ಇಲ್ಲ. ಇನ್ನೊಂದು ಸಂಗತಿ ಅನುಭವಕ್ಕೆ ಬಂದ ಮೇಲೆ ತಿಳಿಯಿತು: ಬೀಗ ಇಲ್ಲಿದ್ದರೆ ಹುಡುಗ ಮೂರು ತಿಂಗಳು ಊರಲ್ಲಿ ಕೂರುವುದಿಲ್ಲ, ಆರು ವಾರಕ್ಕೆ ಬಂದುಬಿಡುತ್ತಾನೆ. ಹಾಗಾಗಿ ನನಗೆ ತಪ್ಪುವ ನಷ್ಟ ರೂಮಿಗೆ ವರ್ಷಕ್ಕೆ 13–14 ಸಾವಿರ.

ಮೊದಲ ವರ್ಷವೇ ಎಡವಿದ್ದೂ ಇದೆ. ನಮ್ಮೂರಿನ ಜೂನ್–ಜುಲೈ ಜಿಟಿಜಿಟಿ ಮಳೆ ನಿಮಗೆ ಗೊತ್ತು. ಮುಚ್ಚಿದ ರೂಮಿನ ಗೋಡೆ ಬೆವರುತ್ತದೆ. ಇಂಡಿ ತಾಲ್ಲೂಕಿನ ಹುಡುಗನೊಬ್ಬ ಬಂದು ಬೀಗ ತೆಗೆದರೆ ಎರಡು ವರ್ಷ ಕೈಯಿಂದ ಬರೆದ ನೋಟ್ಸಿನ ಮೇಲೆ ಬಿಳಿ ಬೂಸ್ಟು. ಅವನು ಏನೂ ಅನ್ನಲಿಲ್ಲ, ಒಂದೊಂದೇ ಹಾಳೆ ಬಿಡಿಸಿ ನೆಲದ ಮೇಲೆ ಹರಡಿದ. ನೋಡಲಾಗದೆ ಕೆಳಗೆ ಇಳಿದು ಬಂದೆ. ಆ ತಿಂಗಳ ಬಾಡಿಗೆ ಬಿಟ್ಟುಕೊಟ್ಟೆ, ಆದರೆ ನೋಟ್ಸಿಗೆ ಅದು ಪರಿಹಾರವಾಗುತ್ತದೆಯೇ? ಅಂದಿನಿಂದ ಬೀಗದ ಇನ್ನೊಂದು ಕೀಲಿ ನಮ್ಮಲ್ಲಿರಬೇಕು, ಗುಡಿಸುವ ಅಕ್ಕ ವಾರಕ್ಕೊಮ್ಮೆ ಕಿಟಕಿ ತೆರೆದು ಒಂದು ಗಂಟೆ ಫ್ಯಾನ್ ಹಾಕಬೇಕು, ಪುಸ್ತಕದ ಕಪಾಟು ಗೋಡೆಯಿಂದ ನಾಲ್ಕು ಇಂಚು ಈಚೆಗಿರಬೇಕು. ಉಳಿದ ನಿಯಮಗಳು ಎರಡೇ: ಬೀಗದ ಬಾಡಿಗೆಯನ್ನು ಹೋಗುವ ಮುಂಚೆ ಕಟ್ಟಬೇಕು, ಮೂರು ತಿಂಗಳು ಮೀರಕೂಡದು.

ಡಿಪಾಜಿಟ್ಟನ್ನೂ ಆಗಲೇ ಎರಡು ತಿಂಗಳಿನಿಂದ ಒಂದಕ್ಕೆ ಇಳಿಸಿದೆ. ಹೆಚ್ಚು ಇಟ್ಟುಕೊಂಡಷ್ಟೂ "ಅದರಲ್ಲೇ ಹಿಡಿದುಕೊಳ್ಳಿ ಸರ್" ಎಂದು ಕೊನೆಯ ತಿಂಗಳುಗಳ ಬಾಡಿಗೆ ನಿಲ್ಲುತ್ತಿತ್ತು. ಈಗ ರೂಮು ಬಿಡುವ ದಿನವೇ ಬಾಗಿಲಲ್ಲಿ ನಿಂತು ಹಣ ಎಣಿಸಿ ಕೊಡುತ್ತೇನೆ. ಹಾಗೆ ಹೋದ ಹುಡುಗ ತನ್ನ ತಮ್ಮನನ್ನೋ ಊರಿನ ಗೆಳೆಯನನ್ನೋ ಕಳಿಸುತ್ತಾನೆ. 2022ರ ಮೇಲೆ ನಾನು ಏಜೆಂಟರಿಗೆ ಒಂದು ರೂಪಾಯಿ ಕೊಟ್ಟಿಲ್ಲ.

ಜನ ನನಗೆ ನಿಜವಾಗಿ ಬುದ್ಧಿ ಹೇಳಲು ಬಂದದ್ದು 2021ರಲ್ಲಿ. ಕೆಳಗಿನ ದೊಡ್ಡ ಮನೆಯ ಸಂಸಾರ ಬಿಟ್ಟುಹೋದಾಗ ಅದನ್ನು ಬಾಡಿಗೆಗೆ ಕೊಡದೆ, ನಡುಗೋಡೆ ತೆಗೆಸಿ, 22 ಕುರ್ಚಿಯ ಓದುವ ಕೋಣೆ ಮಾಡಿದೆ. ರಾತ್ರಿಯಿಡೀ ತೆರೆದಿರುತ್ತದೆ, ನಮ್ಮ ಹುಡುಗರಿಗಷ್ಟೇ, ಬೇರೆ ಶುಲ್ಕವಿಲ್ಲ. "ತಿಂಗಳಿಗೆ 7 ಸಾವಿರ ಕೊಡುವ ಮನೆಯನ್ನು ಕಳೆದುಕೊಂಡೆಯಲ್ಲ" ಎಂದು ಅಣ್ಣ ಎರಡು ತಿಂಗಳು ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. ಸುತ್ತಲಿನ ಖಾಸಗಿ ಓದುವ ಕೋಣೆಗಳಲ್ಲಿ ಒಂದು ಕುರ್ಚಿಗೆ ತಿಂಗಳಿಗೆ 700–800 ತೆಗೆದುಕೊಳ್ಳುತ್ತಿದ್ದರು. ನಾನು ರೂಮಿನ ಬಾಡಿಗೆಗೆ ಒಂದು ಸಾವಿರ ಏರಿಸಿದೆ, ತಲೆಗೆ 500. ಹುಡುಗನಿಗೆ 200–300 ಉಳಿಯಿತು, ನನಗೆ ಹತ್ತು ರೂಮಿನಿಂದ ವರ್ಷಕ್ಕೆ 1 ಲಕ್ಷ 20 ಸಾವಿರ ಬಂತು. ಬಿಟ್ಟದ್ದು 84 ಸಾವಿರ. ರಾತ್ರಿ ಎರಡು ಗಂಟೆಗೆ ಆ ಕೋಣೆಯ ಬಾಗಿಲಲ್ಲಿ ನಿಂತು ನೋಡಿದ್ದೇನೆ. ಏಳೆಂಟು ತಲೆಗಳು ಬಾಗಿರುತ್ತವೆ, ಒಬ್ಬ ಕಾಲನ್ನು ಬಕೆಟ್ ನೀರಿನಲ್ಲಿಟ್ಟುಕೊಂಡು ಓದುತ್ತಿರುತ್ತಾನೆ, ಪುಟ ತಿರುವುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಹೀಗೆ ಓದುವವರು ಗೋಡೆ ಕೆಡಿಸುವುದಿಲ್ಲ. ಅಣ್ಣನ ಮೊದಲ ಮಾತಿಗೆ ಉತ್ತರ ಸಿಕ್ಕಿದ್ದು ಅಲ್ಲಿ.

ಯಾರೊಡನೆ ಯಾರನ್ನು ಹಾಕಬೇಕು ಎಂಬುದು ಬಾಡಿಗೆಗಿಂತ ದೊಡ್ಡ ವಿದ್ಯೆ. 545 ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗಳ ನೇಮಕಾತಿಯಲ್ಲಿ ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಪರೀಕ್ಷೆಯೇ ರದ್ದಾದಾಗ ನನ್ನಲ್ಲಿ ಮೂರು ರೂಮು ಅದಕ್ಕೇ ಓದುವವರವು. ಮೂರೂ ಒಂದೇ ವಾರದಲ್ಲಿ ಖಾಲಿ. ಅಂದಿನಿಂದ ಒಂದೇ ಪರೀಕ್ಷೆಗೆ ಓದುವ ಇಬ್ಬರನ್ನು ಒಂದೇ ರೂಮಿಗೆ ಹಾಕುವುದಿಲ್ಲ. ಪರೀಕ್ಷೆ ನಿಂತರೆ ಇಬ್ಬರೂ ಎದ್ದುಹೋಗುತ್ತಾರೆ, ನಡೆದರೆ ಒಬ್ಬ ಪಾಸಾಗಿ ಇನ್ನೊಬ್ಬ ಆ ರೂಮಿನಲ್ಲಿ ಇರಲಾರ. ಇಪ್ಪತ್ತರಲ್ಲಿ ಎಂಟು ಜನ ವಿಶ್ವವಿದ್ಯಾಲಯದವರು, ಹನ್ನೆರಡು ಜನ ಪರೀಕ್ಷೆಗೆ ಓದುವವರು, ಇದು ನನ್ನ ಪ್ರಮಾಣ. ಹೊಸಬ ಬಂದಾಗ ಮೂರು ಪ್ರಶ್ನೆ ಕೇಳುತ್ತೇನೆ. ಬೆಳಿಗ್ಗೆ ಎಷ್ಟಕ್ಕೆ ಏಳುತ್ತೀ, ಊರಿಗೆ ತಿಂಗಳಿಗೆ ಎಷ್ಟು ಸಲ ಹೋಗುತ್ತೀ ಎಂಬುವು ಎರಡು. ಮೂರನೆಯದನ್ನು ಇಲ್ಲಿ ಬರೆಯುವುದಿಲ್ಲ. ಅದರ ಉತ್ತರ ಕೇಳಿ ನಾಲ್ಕು ಜನರನ್ನು ಬೇಡವೆಂದು ಕಳಿಸಿದ್ದೇನೆ, ಒಂದು ಸಲವೂ ಪಶ್ಚಾತ್ತಾಪ ಪಟ್ಟಿಲ್ಲ.

ಇದರ ನಡುವೆ ಖಾನಾವಳಿಯನ್ನೂ ಮಾಡಿ ನೋಡಿದೆ. ಇಬ್ಬರು ಹೆಣ್ಣುಮಕ್ಕಳು ರೊಟ್ಟಿ ಬಡಿಯಲು ಬರುತ್ತಿದ್ದರು, ರೊಟ್ಟಿ ಒಳ್ಳೆಯದಾಗಿಯೇ ಇತ್ತು. ಆದರೆ ಹುಡುಗರು ಎಂಟು ದಿನ ಉಂಡು ಮೂರು ದಿನ ಹೊರಗೆ ಹೋಗುತ್ತಿದ್ದರು, ಬಡಿದ ರೊಟ್ಟಿ ಉಳಿಯುತ್ತಿತ್ತು. ಐದು ತಿಂಗಳಲ್ಲಿ 40 ಸಾವಿರ ಕೈಬಿಟ್ಟಿತು, ನಿಲ್ಲಿಸಿದೆ. ನೀರು ಕಾಯಿಸುವ 300 ಲೀಟರಿನ ಸೋಲಾರ್ ಮಳೆಗಾಲದ ನಾಲ್ಕು ತಿಂಗಳು ಉಪಯೋಗಕ್ಕೆ ಬರಲಿಲ್ಲ, ಉಳಿದ ಎಂಟು ತಿಂಗಳಿಗಾಗಿ ಇಟ್ಟುಕೊಂಡಿದ್ದೇನೆ. 2023ರಲ್ಲಿ ಗೃಹಜ್ಯೋತಿ ಬಂದಾಗ "ಉಚಿತ ಕರೆಂಟು ಬಂತಲ್ಲ ಸರ್, ನಮಗೇಕೆ ಬಿಲ್ಲು?" ಎಂದು ಹುಡುಗರು ಕೇಳಿದರು. ಮಹಡಿಗೆ ಒಂದೇ ಮೀಟರು, ಐದು ರೂಮು ಸೇರಿದರೆ ಉಚಿತದ ಮಿತಿಯಾದ 200 ಯೂನಿಟ್ ದಾಟುತ್ತದೆ. ಹೆಸ್ಕಾಂ ಬಿಲ್ಲನ್ನೇ ಗೋಡೆಗೆ ಅಂಟಿಸಿ, ರೂಮಿಗೊಂದು ಸಬ್‌ಮೀಟರ್ ಹಾಕಿಸಿದೆ. ಹತ್ತಕ್ಕೆ ಹತ್ತು ಸಾವಿರವೂ ಆಗಲಿಲ್ಲ, ಜಗಳ ನಿಂತಿತು. ಜಿಎಸ್‌ಟಿ ಬಗ್ಗೆ ಕೇಳುವವರಿದ್ದಾರೆ. ವರ್ಷಕ್ಕೆ 20 ಲಕ್ಷದೊಳಗಿನ ನಮ್ಮಂಥವರಿಗೆ ಆ ಗೊಡವೆ ಇಲ್ಲ.

ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಇಲ್ಲವೆಂದು 2024ರ ಅಕ್ಟೋಬರ್‌ನಲ್ಲಿ ಸರ್ಕಾರ ಹೇಳಿದಾಗ ಸಪ್ತಾಪುರದ ಹೊಟ್ಟೆಯ ಮೇಲೆಯೇ ಕಲ್ಲು ಬಿದ್ದಂತಾಯಿತು. ನಮ್ಮ ಓಣಿಯಲ್ಲಿಯೇ ಮೂರು ಕಟ್ಟಡಗಳಿಗೆ ಹಲಗೆ ಬಿದ್ದಿತು. ನಮ್ಮ ಹುಡುಗರೂ ಕಂಗೆಟ್ಟಿದ್ದರು, ವಯಸ್ಸು ಮೀರುತ್ತಿದೆ ಎಂದು ಅತ್ತವರಿದ್ದರು. ಊರಿಗೆ ಹೋಗಿ ಹೊಲ ನೋಡಿಕೊಂಡು ಬನ್ನಿ, ಬೀಗ ಇರಲಿ ಎಂದೆ. ಆ ವರ್ಷಕ್ಕೆ ಮಾತ್ರ ಮೂರು ತಿಂಗಳ ನಿಯಮವನ್ನು ಸಡಿಲಿಸಿದೆ. ತಲೆಗೆ ಒಂದು ಸಾವಿರ ಬೀಗದ ಬಾಡಿಗೆ ಕಟ್ಟಿ ಹೋದವರಲ್ಲಿ ಒಬ್ಬನೇ ಹಿಂತಿರುಗಲಿಲ್ಲ, ಅವನ ಜಾಗಕ್ಕೆ ಅವನೇ ಒಬ್ಬನನ್ನು ಕಳಿಸಿದ.

ಈಗ ರೂಮಿಗೆ 6 ಸಾವಿರ. ಪೂರ್ತಿ ಬಂದರೆ 7 ಲಕ್ಷ 20 ಸಾವಿರ, ಕಳೆದ ವರ್ಷ ಕೈಗೆ ಬಂದದ್ದು 6 ಲಕ್ಷ 40 ಸಾವಿರದ ಹತ್ತಿರ. ಖರ್ಚು 1 ಲಕ್ಷ 10 ಸಾವಿರ, ಕಂತು 3 ಲಕ್ಷ ಚಿಲ್ಲರೆ, ಉಳಿದದ್ದು 2 ಲಕ್ಷ 20 ಸಾವಿರದಷ್ಟು. ಅದರಲ್ಲಿ ಒಂದಿಷ್ಟನ್ನು ಸಾಲಕ್ಕೇ ತುಂಬುತ್ತಿರುವುದರಿಂದ ಅಸಲು 11–12 ಲಕ್ಷಕ್ಕೆ ಇಳಿದಿದೆ. ಇನ್ನೊಂದು ಮಹಡಿ ಏರಿಸು ಎಂದು ಈಗ ಅಣ್ಣನೇ ಹೇಳುತ್ತಿದ್ದಾನೆ, ನಕ್ಷೆಯನ್ನೂ ತರಿಸಿದ್ದಾನೆ. ನೆಲದಡಿ ಇನ್ನೂ 8 ಸಾವಿರ ಲೀಟರ್ ನೀರಿಗೆ ಜಾಗ ಸಿಗುವವರೆಗೆ ಏರಿಸುವುದಿಲ್ಲ ಎಂದಿದ್ದೇನೆ. ಹಿಂದಿನ ಕಾಂಪೌಂಡಿನ ಪಕ್ಕ ಎಂಟು ಅಡಿ ಇದೆ, ಬರುವ ಸೋಮವಾರ ಅಗೆಸಿ ನೋಡುತ್ತೇನೆ.